ಎರಡು ಸೀಟಿನ ಹಸಿರು ಕಾರು

ಮದ್ದೂರು
ಕಾರ್ತಿಕ ಮಾಸ, ೧೯೪೭

ತೀರ್ಥರೂಪರಾದ ಮಾವನವರ ಪಾದಗಳಿಗೆ ಮದ್ದೂರಿನಿಂದ ಸೊಸೆ ಪಂಕಜ ತಲೆಬಾಗಿ ಬರೆಯುವ ಕಾಗದ.

ಕಣ್ಣಿನ ಪೊರೆ ತೆಗೆದದ್ದು ಸುಸೂತ್ರವಾಗಿ ಆಯಿತೆಂದು ಪದ್ಮಕ್ಕ ಮೈಸೂರಿನಿಂದ ಬರೆದಿದ್ದಾರೆ. ಪಟ್ಟಿ ಬಿಚ್ಚುವ ತನಕ ನೀವು ಓದುವಂತಿಲ್ಲ. ಇದನ್ನು ನಿಮ್ಮ ಮಗಳು ಪದ್ಮಕ್ಕನೇ ಓದಿ ಹೇಳಬೇಕು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಿಮ್ಮೆದುರು ನಿಂತು ಇಷ್ಟು ಮಾತಾಡುವ ಧೈರ್ಯ ನನಗೆ ಎಂದೂ ಬಂದಿಲ್ಲ. ಹೊಗಳಿಕೆ ಶುರುವಾದರೆ ಎದ್ದು ಹೋಗುವುದು ನಿಮ್ಮ ಅಭ್ಯಾಸ, ಈಗ ಅದೂ ಆಗದು.

ನಿನ್ನೆ ಮಂಡ್ಯದ ವಕೀಲರೊಬ್ಬರು ನಮ್ಮ ದವಾಖಾನೆಗೆ ಬಂದಿದ್ದರು. ಅವರಿಗೂ ನನ್ನದರಂಥ ಓಟದ ಕಾರು ಬೇಕಂತೆ. ಹಳೆಯದಾದರೂ ಕೈಕೊಡದ ಗಾಡಿಯನ್ನು ಹೇಗೆ ಆರಿಸಿದಿರಿ ಎಂದು ಕೇಳಿದರು. ನಮ್ಮ ಮಾವನವರು ಆರಿಸಿದರು ಅಂದೆ. ಸಂಸ್ಕೃತ ಪಂಡಿತರಿಗೂ ಮೋಟಾರಿಗೂ ಏನು ಸಂಬಂಧ ಎಂದು ಅವರು ನಕ್ಕರು. ಅವರು ಹೋದ ಮೇಲೆ ನನಗೆ ಎಲ್ಲ ನೆನಪಾಗತೊಡಗಿತು.

ನಿಮ್ಮ ಮಗ ಅನಂತರಾಮು ವಿಷಮಶೀತ ಜ್ವರದಲ್ಲಿ ತೀರಿಕೊಂಡದ್ದು ಒಂಬತ್ತು ವರ್ಷದ ಹಿಂದೆ, ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿದ ವರ್ಷ. ನಾನಿನ್ನೂ ಹುಡುಗಿ. ನೆಂಟರೆಲ್ಲ ಸೇರಿ ನನ್ನ ತಲೆ ಬೋಳಿಸಲು ಕ್ಷೌರದವನಿಗೆ ಹೇಳಿಕಳಿಸಿದ್ದರು. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದೆ. ನೀವು ನಡುಬಾಗಿಲಲ್ಲಿ ನಿಂತು, "ಈ ಮನೇಲಿ ಇವತ್ತು ಯಾರಿಗಾದರೂ ಮಾಡಲೇಬೇಕು ಅಂದರೆ ನನಗೆ ಮಾಡಪ್ಪ" ಅಂದು ಅವನ ಮುಂದೆ ಹೋಗಿ ಕೂತಿರಿ. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಮುಂದೆ ನನ್ನನ್ನು ಮೈಸೂರಿಗೆ ಕರೆದೊಯ್ದು ವೈದ್ಯಕೀಯ ಓದಿಗೆ ಸೇರಿಸಿದವರೂ ನೀವೇ.

ಓದು ಮುಗಿಸಿ ಬಂದು ಇಲ್ಲಿ ದವಾಖಾನೆ ತೆರೆದಾಗ ಮದ್ದು ಇತ್ತು, ಕೈಗುಣವೂ ಇತ್ತು, ಹೋಗಿ ಮುಟ್ಟಲು ದಾರಿ ಇರಲಿಲ್ಲ. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಯುದ್ಧಕಾಲದ ಬಸ್ಸು ಪ್ರತಿ ದಿಣ್ಣೆಯಲ್ಲೂ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಮಳವಳ್ಳಿ ಕಡೆಯ ಒಂದು ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಹೊರಟು ನಾನು ತಲುಪುವಷ್ಟರಲ್ಲಿ ಆ ಮನೆಯಲ್ಲಿ ಅಳು ಎದ್ದಿತ್ತು. ಅಂದು ಬಂದು ನಾನು ಊಟ ಮಾಡಲಿಲ್ಲ. ನೀವೂ ಮಾಡಲಿಲ್ಲ. ಮಾರನೆಯ ದಿನ ನೀವೇ ಕಾರಿನ ಮಾತು ತೆಗೆದಿರಿ.

ದೊಡ್ಡ ಕಾರಿನ ಬೆಲೆ ನಮಗೆ ಎಟುಕುವಂತಿರಲಿಲ್ಲ. ಎರಡು ಸೀಟಿನ ಓಟದ ಕಾರನ್ನು ಸಂಸಾರವಂದಿಗರು ಕೊಳ್ಳುವುದಿಲ್ಲ, ಹಾಗಾಗಿ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಹಗುರ, ಕೆಸರಿನಲ್ಲಿ ಹೂತರೆ ನಾಲ್ಕು ಜನ ಎತ್ತಬಹುದು. ರೇಷನ್ನಿನ ಪೆಟ್ರೋಲ್ ಕೂಪನ್ನೂ ಉಳಿಯುತ್ತದೆ ಎಂದು ನಾನು ವಿವರಿಸಿದೆ. ಎಲ್ಲ ಕೇಳಿ, "ಇಷ್ಟೊಂದು ಕಾರಣ ಯಾಕೆ ಮಗು? ಇಷ್ಟ ಅಂತ ಒಂದು ಮಾತು ಹೇಳಬಾರದೇನು?" ಅಂದಿರಿ. ಮೈಸೂರಿನಲ್ಲಿ ಅಂಥ ಕಾರು ಗಾಳಿಯಂತೆ ಹೋಗುವುದನ್ನು ಕಂಡು ನಾನು ಆಸೆಪಟ್ಟಿದ್ದು ನಿಮಗೆ ಹೇಗೆ ತಿಳಿಯಿತೋ. ಗಂಡ ಸತ್ತವಳಿಗೆ ಇಷ್ಟ ಎನ್ನುವ ಮಾತು ಉಂಟು ಎಂದು ಹೇಳಿದವರು ನೀವೊಬ್ಬರೇ.

ಬೆಂಗಳೂರಿನ ಸಾಹುಕಾರರೊಬ್ಬರ ಕೆಂಪು ಕಾರನ್ನು ಕಂಡಾಗ ನನ್ನ ಮನಸ್ಸು ಅಲ್ಲೇ ಸೋತಿತ್ತು. ಮುಖ ನೋಡಿಕೊಳ್ಳುವಷ್ಟು ಹೊಳಪು. ನೀವು ಸುಮ್ಮನೆ ಬಾನೆಟ್ಟಿನ ಮೇಲೆ ಕೈಯೂರಿ ನಿಂತಿರಿ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಬಿಸಿ ಇದೆ. ನಾವು ಬರೋದಕ್ಕೆ ಮುಂಚೆ ಇದನ್ನ ಎಬ್ಬಿಸಿದಾರೆ. ನಮ್ಮೆದುರಿಗೇ ಎಬ್ಬಿಸೋಕೆ ಏನು ಭಯ ಅಂತ ಕೇಳು" ಅಂದಿರಿ. ನಾನು ಕೇಳಲಿಲ್ಲ. ಅವರು ಮತ್ತೆ ಎಂಜಿನ್ನು ಎಬ್ಬಿಸಿದಾಗ ಚೀಲದಿಂದ ಸ್ಟೆತಾಸ್ಕೋಪು ತೆಗೆದು ಅದಕ್ಕೆ ಇಟ್ಟೆ. ಒರಳಿನಲ್ಲಿ ಕಲ್ಲು ಸಿಕ್ಕಿಕೊಂಡಂಥ ಸದ್ದು ಕೇಳಿಸಿತು. ಸಾಹುಕಾರರ ಮನೆಯವರೆಲ್ಲ ನಗುತ್ತಿದ್ದರು. ನೀವು ಗಂಭೀರವಾಗಿ, "ರೋಗಿ ಹೇಗಿದಾನೆ ಡಾಕ್ಟರಮ್ಮ?" ಅಂದಿರಿ. ನಾವು ಬರಿಗೈಯಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ನನಗೆ ಕಣ್ಣಲ್ಲಿ ನೀರು. ನೀವು ಕಿಟಕಿಯಾಚೆ ನೋಡುತ್ತ ಕೂತು, ನನ್ನನ್ನು ಅಳಲು ಬಿಟ್ಟಿರಿ.

ಆಮೇಲೆ ಮಂಡ್ಯದಲ್ಲಿ ಸಿಕ್ಕಿದ್ದು ಈ ಹಸಿರು ಕಾರು. ನಾಲೆಯ ಎಂಜಿನಿಯರಾಗಿದ್ದ ಚಲುವನಾರಾಯಣ ಅಯ್ಯಂಗಾರ್ಯರದು. ಬಣ್ಣ ಮಾಸಿತ್ತು, ಸೀಟಿನ ಚರ್ಮ ಬಿರಿದಿತ್ತು. ಬೆಳಗಿನ ಚಳಿಯಲ್ಲಿ, ಮುಟ್ಟದೆ ಇಟ್ಟ ಕಾರನ್ನೇ ನೋಡಬೇಕೆಂದು ನೀವು ಮೊದಲೇ ಹೇಳಿಕಳಿಸಿದ್ದಿರಿ. ಹ್ಯಾಂಡಲ್ ತಿರುವಿದ ಕೂಡಲೇ ಅದು ಎದ್ದಿತು. ಯಾಕೆ ಮಾರುತ್ತೀರಿ ಎಂದು ಕೇಳಿದಿರಿ. "ಮೊಣಕಾಲು ಮಡಚೋಕಾಗಲ್ಲ ಪಂಡಿತರೇ. ಒಳಗೆ ಕೂತರೆ ಏಳೋದಕ್ಕೆ ಇಬ್ಬರು ಬೇಕು" ಅಂದರು. ಮೇಲಿನ ಬಟ್ಟೆ ಸೋರುತ್ತದೆ, ಒಂದನೇ ಗೇರು ಗುರುಗುಟ್ಟುತ್ತದೆ ಎಂದು ಕೇಳದೆಯೇ ಹೇಳಿದರು. ನಾನು ಅನುಮಾನದಿಂದ ನಿಮ್ಮ ಮುಖ ನೋಡಿದೆ. "ದೋಷ ಹೇಳಿ ಕೊಡೋ ಮನೆಯಿಂದ ತರಬೇಕು ಮಗು, ಹೆಣ್ಣಾದರೂ ಅಷ್ಟೇ, ಗಾಡಿಯಾದರೂ ಅಷ್ಟೇ" ಅಂದಿರಿ. ಓಡಿಸುವುದನ್ನೂ ಅವರೇ ಪ್ರೀತಿಯಿಂದ ಕಲಿಸಿದರು.

ಬೀದಿಯ ಬಾಯಿಗೆ ಬೀಗ ಹಾಕಲು ನೀವು ಪ್ರತಿ ಹಳ್ಳಿಗೂ ನನ್ನ ಪಕ್ಕದಲ್ಲಿ ಕೂತು ಬಂದಿರಿ. ಹೋದ ಮಳೆಗಾಲದಲ್ಲಿ ಮಳವಳ್ಳಿಯ ಆಚೆಗಿನ ಮುದ್ದಯ್ಯನ ಮನೆಗೆ ಹೋದದ್ದೂ ಹಾಗೆಯೇ. ಅವನ ಹೆಂಡತಿ ಚಿಕ್ಕಬೋರಮ್ಮನಿಗೆ ಮಗು ಅಡ್ಡ ತಿರುಗಿತ್ತು. ಮಂಡ್ಯದ ಆಸ್ಪತ್ರೆಗೆ ಕರೆದೊಯ್ದು ಕೊಯ್ದು ತೆಗೆಯದೆ ಬೇರೆ ದಾರಿಯಿರಲಿಲ್ಲ. ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ನಾನು ಹೇಳುವ ಮೊದಲೇ ನೀವು ಇಳಿದಿದ್ದಿರಿ. "ನಮ್ ಅಟ್ಟೀಲಿ ನೀವೆಂಗೆ ಕುಂತ್ಕತೀರಿ ಬುದ್ದಿ" ಎಂದು ಮುದ್ದಯ್ಯ ಗಾಬರಿಯಾದ. "ನೀವೆಲ್ಲ ಹೇಗೆ ಕೂರ್ತೀರೋ ಹಾಗೇ. ನೀನು ಸಿಕ್ಕ ಗಾಡಿ ಹತ್ತಿ ಇವರ ಹಿಂದೆ ಹೊರಡು" ಅಂದಿರಿ. ಕೆರೆಯ ಏರಿಯ ಕೆಳಗೆ ಚಕ್ರ ಹೂತಾಗ ಗದ್ದೆಯಲ್ಲಿದ್ದವರು ಓಡಿಬಂದು ಕಾರನ್ನು ಎತ್ತಿಕೊಟ್ಟರು. ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ತಾಯಿ ಉಳಿದಳು, ಹೆಣ್ಣು ಮಗುವೂ ಉಳಿಯಿತು.

ಅಂದು ಆ ಮನೆಯಲ್ಲಿ ನಡೆದದ್ದನ್ನು ನೀವು ನನಗೆ ಹೇಳಲೇ ಇಲ್ಲ. ಚಿಕ್ಕಬೋರಮ್ಮನ ಅತ್ತೆ ಬೆಟ್ಟಮ್ಮ ಹೇಳಿದಳು. "ಸೊಸೆ ಬದುಕವ್ಳೆ ಅನ್ನೋಗಂಟ ಒಂದ್ ತೊಟ್ಟು ನೀರೂ ಕುಡಿಯಾಕಿಲ್ಲ ಅಂತ ಕುಂತಿದ್ದೆ ಕಣಮ್ಮ. ನೀ ಕುಡುದ್ರೆ ನಾನೂ ಕುಡೀತೀನಿ ಅಂದ್ರು ಬುದ್ಯೋರು. ನಮ್ ಮಡ್ಕೆ ಮಜ್ಜಿಗೆ ಕುಡುದ್ಬುಟ್ರು." ಅನ್ಯ ಜಾತಿಯವರ ಮನೆಯ ನೀರನ್ನೂ ಮುಟ್ಟದೆ ಬಾಳಿದವರು ನೀವು. ಸುದ್ದಿ ಹಬ್ಬಿ, ನೆಂಟರು ನಿಮ್ಮನ್ನು ಶ್ರಾದ್ಧದ ಊಟಕ್ಕೆ ಕರೆಯುವುದನ್ನು ನಿಲ್ಲಿಸಿದರು. "ಅಜೀರ್ಣ ತಪ್ಪಿತು" ಅಂದಿರಿ, ಅಷ್ಟೇ. ಆದರೆ ಹಬ್ಬದ ದಿನ ಜಗಲಿಯಲ್ಲಿ ಒಬ್ಬರೇ ಕೂತು ಬೀದಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ ಮಾವನವರೇ. ನನಗಾಗಿ ನೀವು ಕಳೆದುಕೊಂಡದ್ದು ಎಷ್ಟೆಂದು ನನಗೆ ಗೊತ್ತಿದೆ.

ಕಡೆಯದಾಗಿ ಇನ್ನೊಂದು ಮಾತು. ಕಾರನ್ನು ಮಂಡ್ಯದಿಂದ ಮನೆಗೆ ತಂದ ದಿನ, ಕಬ್ಬಿನ ಗದ್ದೆಗಳ ನಡುವೆ ರಸ್ತೆ ನೇರವಾದಲ್ಲಿ ನಾನು ಆಸೆಯಿಂದ ಜೋರಾಗಿ ಬಿಟ್ಟೆ. ನಿಮ್ಮ ರುಮಾಲು ಬಿಚ್ಚಿ ಹಿಂದಕ್ಕೆ ಹಾರಾಡಿತು. ನೀವು ಏನೋ ಕೂಗಿದಿರಿ. ಹೆದರಿದಿರೆಂದು ನಿಧಾನ ಮಾಡಿದೆ. "ನಿಲ್ಲಿಸು ಅಂದೆನೇನು ನಾನು? ಹೋಗು ಮಗು, ಹೋಗು" ಅಂದು ನೀವು ನಕ್ಕಿರಿ. ನಿಮ್ಮ ಮಗ ಹೋದ ಮೇಲೆ ನಿಮ್ಮ ನಗು ಕೇಳಿದ್ದು ಅದೇ ಮೊದಲು. ನನ್ನದೂ.

ದೇವರು ನಿಮ್ಮ ಕಣ್ಣಿಗೆ ಬೆಳಕನ್ನೂ ಮೈಗೆ ಬಲವನ್ನೂ ಕೊಡಲಿ. ಓದಿ ಹೇಳಿದ ಪದ್ಮಕ್ಕನ ಹೊಟ್ಟೆಯೂ ತಂಪಾಗಿರಲಿ.

ನಿಮ್ಮ ಮನೆಗೆ ಸೊಸೆಯಾಗಿ ಬಂದು ಮಗಳಾಗಿ ಉಳಿದ
ಪಂಕಜ