ಉತ್ತ ಹೊಲದ ನಡಿಗೆ

ಪಾಂಡವಪುರ
ಗುರುವಾರ, ೬ ನವೆಂಬರ್ ೨೦೨೫

ಪ್ರೀತಿಯ ಅವ್ವ,

ನಾವಿಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಪುಟ್ಟಿ ಕ್ಷೇಮ. ನಿನ್ನೆ ಎರಡನೆಯ ಹಲ್ಲು ಕಾಣಿಸಿತು. ನನ್ನ ವಿಷಯ ಈ ಕಾಗದ ಮುಗಿಯುವಷ್ಟರಲ್ಲಿ ನಿನಗೇ ಗೊತ್ತಾಗುತ್ತದೆ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ನೀನು ಅಳುತ್ತೀ. ನೀನು ಅತ್ತ ಕೂಡಲೇ ನಾನು ‘ಆಯ್ತು ಬುಡವ್ವ’ ಅಂದುಬಿಡುತ್ತೇನೆ. ಈ ಸಲ ಹಾಗೆ ಅನ್ನುವ ಮನಸ್ಸಿಲ್ಲ. ನೀನು ಏಳನೇ ಕ್ಲಾಸಿನವರೆಗೆ ಓದಿದವಳು. ನಿಧಾನಕ್ಕಾದರೂ ನೀನೇ ಓದು, ತಮ್ಮ ಸಂತೋಷನ ಕೈಲಿ ಓದಿಸಬೇಡ. ತಂದುಕೊಡುವವನು ಅವನೇ, ಹಾಲಿನ ವ್ಯಾನಿನಲ್ಲಿ. ಗೋಂದು ಹಚ್ಚಿ ಮೇಲೆ ಪಿನ್ನೂ ಹೊಡೆಯುತ್ತೇನೆ. ಎಣಿಸಿಕೋ, ನಾಲ್ಕು ಇರಬೇಕು.

ಮೊದಲು ಆ ಒಂದು ಮಾತಿನ ವಿಚಾರ. ಸೋಮವಾರ ನೀನು ಫೋನು ಮಾಡಿ, ‘ಏನವ್ವ, ನಿನ್ನ ಎಮ್ಮೆಸ್ಸಿ ಓದ್ಸಿದ್ದು ಬಾರ್ ರೂಮಲ್ಲಿ ಕುಣೀಲಿ ಅಂತ್ಲಾ?’ ಅಂದೆ. ಅವ್ವ, ಅದು ಬಾರ್ ರೂಮ್ ಅಲ್ಲ, ಬಾಲ್‌ರೂಮ್. ಅದರಲ್ಲಿ ಚೆಂಡೂ ಇಲ್ಲ, ಬಾಟಲಿಯೂ ಇಲ್ಲ. ದೊಡ್ಡ ಹಜಾರದಲ್ಲಿ ಇಬ್ಬರಿಬ್ಬರು ಜೊತೆಯಾಗಿ ತಾಳಕ್ಕೆ ಹೆಜ್ಜೆ ಹಾಕುವ ಕುಣಿತ, ಅಷ್ಟೇ. ನಾನು ಕುಣಿತ ಕಲಿಯುವ ಛತ್ರದ ಮೆಟ್ಟಿಲು ಹತ್ತುವುದನ್ನು ಸಂತೋಷ ನೋಡಿ ಅಲ್ಲಿನ ಕಾವಲಿನವರನ್ನು ಕೇಳಿದನಂತೆ. ಅವರು ಸರಿಯಾಗಿಯೇ ಹೇಳಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಬಾಲ್‌ರೂಮ್ ಆಗಿದ್ದದ್ದು ಪಾಂಡವಪುರಕ್ಕೆ ಬಂದಾಗ ಬಾಲ್ ಆಡುವ ರೂಮಾಯಿತು. ಅವನು ನಮ್ಮತ್ತೆ ಸಿದ್ದಲಿಂಗಮ್ಮನವರಿಗೆ ಹಾಗೆಯೇ ಹೇಳಿದ, ಅವರು ‘ಆಡ್ಲಿ ಬುಡಪ್ಪ, ಬಾಣ್ತಿ ಮೈ ಗಟ್ಟಿಯಾಯ್ತದೆ’ ಅಂದರು. ಕೆ.ಆರ್.ಪೇಟೆಯಲ್ಲಿ ಟೀ ಕುಡಿಯುವ ಹೊತ್ತಿಗೆ ಬಾರ್ ರೂಮು. ನಾಗಮಂಗಲ ದಾಟುವಾಗ ಬರೀ ಬಾರು. ದೇವಲಾಪುರಕ್ಕೆ ಇಳಿದಾಗ ನಿನ್ನ ಮಗಳು ಬಾರ್ ಡ್ಯಾನ್ಸರ್. ಅಷ್ಟು ದೂರ ಹಾಲು ಒಡೆಯದ ಹಾಗೆ ಸಾಗಿಸುವವನು ಒಂದೇ ಒಂದು ಮಾತನ್ನು ಕೆಡಿಸದೆ ತರಲಾರದೆ ಹೋದ.

ಆದರೆ ಮಾತು ತಪ್ಪು ಎಂದು ತಿಳಿದ ಮೇಲೂ ನೀನು ಒಪ್ಪುವುದಿಲ್ಲ, ಗೊತ್ತು. ‘ಬಾಲೋ ಬಾರೋ, ಅನ್ಯಗಂಡಸಿನ ಕೈ ಇಡ್ಕಂಡು ಕುಣಿಯೋದು ದಿಟ ತಾನೆ?’ ಎಂದು ಕೇಳುತ್ತೀ. ದಿಟ. ಕಲಿಸುವ ನಾಗಾರ್ಜುನ ಮೇಷ್ಟರ ಎಡಗೈಯಲ್ಲಿ ನನ್ನ ಬಲಗೈ, ಅವರ ಬಲಗೈ ನನ್ನ ಬೆನ್ನಿನ ಮೇಲೆ, ರೆಕ್ಕೆಮೂಳೆಯ ಕೆಳಗೆ. ಬೇರೆಯವರ ಬಾಯಲ್ಲಿ ಇದು ಇನ್ನೆಲ್ಲಿಗೆ ಹೋಗುತ್ತದೋ, ಅದಕ್ಕೇ ನಾನೇ ಅಳತೆ ಸಮೇತ ಬರೆದಿದ್ದೇನೆ.

ಅದಕ್ಕೆ ನೀನು ಹಾಕಿದ ಷರತ್ತು: ಈ ಸೋಮವಾರ ದೇವಲಾಪುರದಲ್ಲಿ ಪುಟ್ಟಿಯ ಮೊದಲ ಮುಡಿ. ಹರಕೆ ನಿನ್ನದು. ನಾನು ಕುಣಿತ ಬಿಡದಿದ್ದರೆ ಸಂತೋಷ ಸೋದರಮಾವನಾಗಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಿಲ್ಲ, ನೀನು ನನಗೆ ಮಡಿಲು ತುಂಬುವುದಿಲ್ಲ. ಹಾಗೆಂದರೆ ನನಗೆ ತವರಿಲ್ಲ. ಇದನ್ನು ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದೆ ನೀನು.

ನಾನು ಅಲ್ಲಿಗೆ ಹೋದದ್ದು ಹೇಗೆ ಎಂದು ಮಾತ್ರ ನೀನು ಕೇಳಲೇ ಇಲ್ಲ.

ಆಗಸ್ಟ್ ತಿಂಗಳು. ಪುಟ್ಟಿಗೆ ಐದು ತಿಂಗಳು ತುಂಬಿತ್ತು. ಅವಳು ಮಲಗುತ್ತಿದ್ದಳು, ನಾನು ಮಲಗುತ್ತಿರಲಿಲ್ಲ. ಅತ್ತರೆ ಯಾಕೆ ಅತ್ತಳು, ಅಳದಿದ್ದರೆ ಯಾಕೆ ಅಳಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಕೈ ತೊಳೆಯುವುದು, ತೊಳೆದ ಕೈ ತಣ್ಣಗಿದೆಯೆಂದು ಸೆರಗಿನಲ್ಲಿ ಉಜ್ಜಿ ಮತ್ತೆ ಬೆರಳಿಡುವುದು. ನನ್ನವರು, ‘ಡಾಕ್ಟ್ರು ಚೆನ್ನಾಗವ್ಳೆ ಅಂದ್ರಲ್ಲೇ, ಇನ್ನೇನಂತೆ?’ ಅನ್ನುತ್ತಿದ್ದರು. ಡಾಕ್ಟರು ಹೇಳಿದ್ದು ಮಗುವಿನ ವಿಷಯ. ಒಂದು ಮಧ್ಯಾಹ್ನ ಓಮದ ನೀರು ತರಲು ಹೊರಟೆ. ಪುಟ್ಟಿ ಮಲಗಿದ್ದಳು, ಅತ್ತೆ ತೊಟ್ಟಿಲ ಪಕ್ಕ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಬಸ್‌ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಹೊರಡುತ್ತಿತ್ತು. ಹತ್ತಿದೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗಲೇ ನಾನೂ ಯೋಚಿಸಿದ್ದು. ಶ್ರೀರಂಗಪಟ್ಟಣದಲ್ಲಿ ಇಳಿದಾಗ ಕಾಲಲ್ಲಿ ಬಚ್ಚಲಿನ ಚಪ್ಪಲಿ, ಹೆಗಲ ಮೇಲೆ ಪುಟ್ಟಿಯ ಬಾಯೊರೆಸುವ ಬಟ್ಟೆ.

ಒಂದು ಛತ್ರದ ಮಹಡಿಯಿಂದ ಸಂಗೀತ ಕೇಳುತ್ತಿತ್ತು. ಹತ್ತಿ ನೋಡಿದೆ. ಊಟದ ಹಜಾರ, ಟೇಬಲ್‌ಗಳನ್ನೆಲ್ಲ ಗೋಡೆಗೆ ಒತ್ತಿದ್ದಾರೆ, ಯಾವುದೋ ಮದುವೆಯ ಸಾರಿನ ವಾಸನೆ ಇನ್ನೂ ಹೋಗಿಲ್ಲ. ಅಲ್ಲಿ ಎಂಟು ಹತ್ತು ಜನ ಜೋಡಿಯಾಗಿ ಸುತ್ತುತ್ತಿದ್ದಾರೆ. ನಾಗಾರ್ಜುನ ಮೇಷ್ಟರು ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆಯವರು. ಪ್ರಯಾಣಿಕರ ಹಡಗಿನಲ್ಲಿ ಹನ್ನೆರಡು ವರ್ಷ ಈ ಕುಣಿತ ಕಲಿಸಿ, ಈಗ ಊರಲ್ಲಿ ಹಸು ಸಾಕಿಕೊಂಡು, ಮಂಗಳವಾರ ಭಾನುವಾರ ಮಧ್ಯಾಹ್ನ ಇಲ್ಲಿ ಪಾಠ ಮಾಡುತ್ತಾರೆ. ನನ್ನ ಚಪ್ಪಲಿ ನೋಡಿದರು, ಹೆಗಲ ಬಟ್ಟೆ ನೋಡಿದರು. ಒಂದು ಕುರ್ಚಿ ತೋರಿಸಿದರು.

ಈ ಕುಣಿತದಲ್ಲಿ ಹಲವು ಬಗೆ ಇವೆ ಅವ್ವ. ಒಬ್ಬೊಬ್ಬರ ಸ್ವಭಾವಕ್ಕೆ ಒಂದೊಂದು. ಮೇಷ್ಟರು ಯಾರನ್ನೂ ಹೆಸರು ಊರು ಕೇಳುವುದಿಲ್ಲ. ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿ ಅನ್ನುತ್ತಾರೆ. ಆ ದಿನವೇ ಹೊಸದಾಗಿ ಸೇರಿದವರು ಜವರಯ್ಯ ಎಂಬ ಅರವತ್ತು ದಾಟಿದ ಕಬ್ಬಿನ ಬೆಳೆಗಾರರು. ಅವರು ನಡೆದದ್ದು ನೋಡಿ ಮೇಷ್ಟರು, ‘ಯಜಮಾನ್ರೆ, ನಿಮ್ಗೆ ಫಾಕ್ಸ್‌ಟ್ರಾಟ್ ಒಪ್ತದೆ. ಬದಿನ ಮ್ಯಾಲೆ ನಡ್ದಂಗೆ ಉದ್ದುದ್ದ ಹೆಜ್ಜೆ, ಅವಸ್ರಾನೇ ಇಲ್ಲ’ ಅಂದರು. ಜವರಯ್ಯ ಪಂಚೆ ಎತ್ತಿ ಕಟ್ಟಿ, ‘ಅರವತ್ತೊರ್ಸದಿಂದ ಅದ್ನೇ ಮಾಡ್ತಾ ಇವ್ನಲ್ಲ ಮೇಷ್ಟ್ರೆ, ಅದ್ಕೆ ಇಲ್ಲಿಗಂಟ ಬರ್ಬೇಕಾಗಿತ್ತಾ? ಆ ಎಗರಾಡೋದು ಒಂದೈತಲ್ಲ, ಅದ್ನ ಕಲ್ಸಿ’ ಅಂದರು. ಅದು ಕ್ವಿಕ್‌ಸ್ಟೆಪ್. ಈಗ ನಮ್ಮಲ್ಲೆಲ್ಲ ಅವರೇ ಚುರುಕು.

ನನ್ನನ್ನು ನೋಡಿದ ಅಲ್ಲಿನ ಹೆಂಗಸರೆಲ್ಲ ವಾಲ್ಟ್ಸ್ ಎಂದು ಮೊದಲೇ ತೀರ್ಮಾನ ಮಾಡಿದ್ದರು. ಮೆತ್ತಗೆ, ಒಂದು ಎರಡು ಮೂರು, ಏಳುವುದು, ಇಳಿಯುವುದು, ತೂಗುವುದು. ತೊಟ್ಟಿಲ ಹಾಗೆ. ನಾನೂ ಹೂಂ ಅಂದೆ. ನಾಲ್ಕು ಸುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು. ತೂಗಿ ತೂಗಿ ನನ್ನ ತೋಳು ಸೋತಿದೆ; ಇಲ್ಲೂ ನನ್ನನ್ನೇ ತೊಟ್ಟಿಲು ಮಾಡಿದರೆ ಹೇಗೆ?

ಮೇಷ್ಟರು ಸಂಗೀತ ನಿಲ್ಲಿಸಿ, ಮತ್ತೊಮ್ಮೆ ನಡೆಯಲು ಹೇಳಿದರು. ಬರಿಗಾಲಲ್ಲಿ ನಡೆದೆ. ‘ತಾಯಿ, ನೀವು ಮಳೆ ನಂಬ್ಕಂಡಿರೋ ಬೆದ್ಲು ಸೀಮೆಯೋರಾ?’ ಎಂದು ಕೇಳಿದರು. ಹೇಗೆ ಗೊತ್ತಾಯಿತು ಅಂದೆ. ‘ಉತ್ತ ಹೊಲದಾಗೆ ನಡ್ದು ಬೆಳ್ದಿರೋ ಕಾಲು ಕನಮ್ಮ ಇದು. ಎತ್ತಿ ಇಡ್ತೀರ. ಸವ್ರಿಕೊಂಡು ಹೋಗಕ್ಕಿಲ್ಲ. ಟ್ಯಾಂಗೋಗೆ ಈ ನಡಿಗೆ ಬರ್ಸಕ್ಕೆ ನಾನು ಹಡಗಲ್ಲಿ ಒಬ್ಬೊಬ್ರಿಗೆ ತಿಂಗ್ಳುಗಟ್ಲೆ ಬಾಯ್ ಬಡ್ಕಂಡಿವ್ನಿ.’

ಅವ್ವ, ಆ ನಡಿಗೆ ನಿನಗೆ ನೆನಪಿದೆಯಲ್ಲ? ಹೆಣ್ಣು ನೋಡಲು ಬಂದ ದಿನ ನೀನು ನಡುಮನೆಯಿಂದ ಪಡಸಾಲೆಯವರೆಗೆ ಚಾಪೆ ಹಾಸಿದ್ದೆ. ಅತಿಥಿಗಳಿಗಲ್ಲ, ನನ್ನ ಹೆಜ್ಜೆ ಸದ್ದಾಗಬಾರದೆಂದು. ‘ಧಡಧಡ ಅಂತ ನಡೀಬ್ಯಾಡ, ಎಣ್ಣುಮಗ ನಡುದ್ರೆ ನೆಲಕ್ಕೂ ಗೊತ್ತಾಗ್ಬಾರ್ದು’ ಅಂದೆ. ಕಾಲೇಜಿನ ಲ್ಯಾಬಿನಲ್ಲಿ ನಾನು ಬರುವುದು ಎರಡು ಕೋಣೆ ಆಚೆಗೇ ಗೊತ್ತಾಗುತ್ತಿತ್ತು. ಈ ಮನೆಗೆ ಬಂದ ಮೇಲೆ ಬೆರಳ ತುದಿಯಲ್ಲಿ ನಡೆಯುವುದು ಕಲಿತೆ. ಮಗು ಹುಟ್ಟಿದ ಮೇಲಂತೂ ಉಸಿರನ್ನೂ ಬೆರಳ ತುದಿಯಲ್ಲೇ ಬಿಡುತ್ತಿದ್ದೆ.

ಟ್ಯಾಂಗೋದಲ್ಲಿ ತೂಗಾಟ ಇಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಕಾಲು ಎತ್ತಿ, ಗಟ್ಟಿಯಾಗಿ ಇಡಬೇಕು. ನಿಧಾನ, ನಿಧಾನ, ಬೇಗ ಬೇಗ, ನಿಧಾನ. ನಡುವೆ ತಟಕ್ಕನೆ ನಿಲ್ಲಬೇಕು. ನಿಲ್ಲುವುದೂ ಕುಣಿತವೇ ಅಂತೆ. ಮಗು ಹುಟ್ಟಿದಾಗಿನಿಂದ ನನ್ನ ತಲೆ ಒಂದು ಗಳಿಗೆ ನಿಂತದ್ದಿಲ್ಲ. ಅಲ್ಲಿ ಕಾಲು ನಿಂತಾಗ ತಲೆಯೂ ನಿಂತಿತು. ಎರಡೇ ಸೆಕೆಂಡು. ಆ ಎರಡು ಸೆಕೆಂಡಿಗಾಗಿ ನಾನು ವಾರಕ್ಕೆ ಎರಡು ಸಲ ಬಸ್ಸು ಹತ್ತುತ್ತೇನೆ. ಹೋಗಿ ಬಂದ ದಿನ ನಿದ್ದೆ ಬರುತ್ತದೆ. ಪುಟ್ಟಿಯ ಮೂಗಿಗೆ ಬೆರಳಿಡುವುದು ಒಂದೇ ಸಲ. ಸರಿ, ಎರಡು ಸಲ.

ಅಳಿಯ ಶಿವಶಂಕರ್ ಏನಂತಾರೆ ಎಂದು ನೀನು ಮೂರು ಸಲ ಕೇಳಿದೆ. ಮೊದಲು ‘ಜನ ಏನಂತಾರೆ’ ಅಂದರು. ಆಮೇಲೆ ಒಂದು ದಿನ ಬಂದು ಕುರ್ಚಿ ರಾಶಿಯ ಪಕ್ಕ ನಿಂತು ಫೋನು ನೋಡಿಕೊಂಡಿದ್ದರು. ಮನೆಗೆ ಬರುವಾಗ ದಾರಿಯಲ್ಲಿ, ‘ಆ ಜವರಯ್ಯನಿಗೆ ಮಂಡಿ ನೋಯಕ್ಕಿಲ್ವ?’ ಎಂದು ಕೇಳಿದರು. ಅದಕ್ಕಿಂತ ಹೆಚ್ಚು ಇನ್ನೂ ಹೇಳಿಲ್ಲ. ಹೇಳುವ ತನಕ ಕಾಯುತ್ತಾ ನಾನು ನಿಂತಿರುವುದಿಲ್ಲ.

ಈ ಭಾನುವಾರ ಛತ್ರದಲ್ಲಿ ಮನೆಯವರೆಲ್ಲರ ಮುಂದೆ ನಮ್ಮ ಪ್ರದರ್ಶನ. ನನ್ನದು ಮೂರನೆಯದು. ನಾನು ಕುಣಿಯುತ್ತೇನೆ. ತಿಳಿಯದೆ ಅಲ್ಲ, ತಿಳಿದೇ. ನಿನ್ನಿಂದ ಮುಚ್ಚಿಟ್ಟೂ ಅಲ್ಲ. ಅದಕ್ಕೇ ಮೊದಲೇ ಬರೆದಿದ್ದೇನೆ. ಮಾರನೆಯ ದಿನ ಮೊದಲ ಬಸ್ಸಿಗೆ ಪುಟ್ಟಿಯನ್ನು ಎತ್ತಿಕೊಂಡು ನಾಗಮಂಗಲದ ಮೇಲೆ ದೇವಲಾಪುರಕ್ಕೆ ಬರುತ್ತೇನೆ. ಸಂತೋಷ ಕೂರಿಸಿಕೊಂಡರೆ ಸಂತೋಷ. ಕೂರಿಸಿಕೊಳ್ಳದಿದ್ದರೆ ಕ್ಷೌರಿಕರಿಗೆ ನಾನೇ ಹೇಳುತ್ತೇನೆ: ತೊಡೆ ನನಗೂ ಇದೆ. ಎಂಟು ತಿಂಗಳಿಂದ ಅವಳು ಕೂತಿರುವುದು ಅದರ ಮೇಲೆಯೇ. ನಿನ್ನ ಹರಕೆ ತೀರುತ್ತದೆ. ಮಡಿಲು ತುಂಬದಿದ್ದರೆ ಖಾಲಿ ಮಡಿಲಲ್ಲೇ ವಾಪಸ್ಸು ಬರುತ್ತೇನೆ, ಆದರೆ ಧಡಧಡ ಎಂದೇ ನಡೆದು ಬರುತ್ತೇನೆ.

ಪುಟ್ಟಿ ಎದ್ದಳು. ಇಲ್ಲಿಗೆ ಸಾಕು.

ಎತ್ತಿ ಇಡುವ ಕಾಲಿನ
ನಿನ್ನ ಮಗಳು,
ಅರ್ಪಿತ

ಮ.ವಿ.: ಪಿನ್ನು ಹೊಡೆಯುವ ಮೊದಲು ಮತ್ತೆ ಬಿಡಿಸಿ ಓದಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆಗಸ್ಟಿನ ಆ ದಿನ ಅತ್ತೆ ತೊಟ್ಟಿಲ ಪಕ್ಕ ಇರಲಿಲ್ಲ, ಡೇರಿಗೆ ಹೋಗಿದ್ದರು. ಮನೆಯಲ್ಲಿ ಪುಟ್ಟಿ ಒಬ್ಬಳೇ. ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಹೊರಟಿದ್ದೆ. ವಾಪಸ್ಸು ಬಂದಾಗ ಅತ್ತೆ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಅವಳು ಅತ್ತು ಅತ್ತು ಮಲಗಿದ್ದಳು. ಅತ್ತೆ ಬೈಯಲಿಲ್ಲ. ‘ಇನ್ಮ್ಯಾಕೆ ಓಗಂಗಿದ್ರೆ ಯೋಳಿ ಓಗು ಕನವ್ವ. ನಾನ್ ಕುಂತ್ಕತೀನಿ’ ಅಂದರು. ಅವರು ಇವತ್ತಿಗೂ ಯಾರಿಗೂ ಹೇಳಿಲ್ಲ, ತಮ್ಮ ಮಗನಿಗೂ. ಅಂದಿನಿಂದ ಮಂಗಳವಾರ ಭಾನುವಾರ ಅವರೇ ಕೂರುತ್ತಾರೆ.

ಇದನ್ನು ನಿನಗೆ ಹೇಳುವ ಧೈರ್ಯ ಬಂದದ್ದು ಯಾಕೆ ಗೊತ್ತೇ? ಬಾಣಂತನಕ್ಕೆ ಬಂದಾಗ ಮಂಚಮ್ಮಜ್ಜಿ ನನಗೆ ಎಣ್ಣೆ ತಿಕ್ಕುತ್ತಾ ಒಂದು ಮಾತು ಹೇಳಿದಳು. ನನಗೆ ಐದು ತಿಂಗಳಿದ್ದಾಗ ನೀನು ನನ್ನನ್ನು ತೊಟ್ಟಿಲಲ್ಲಿ ಬಿಟ್ಟು, ಉತ್ತ ಹೊಲಗಳ ಮೇಲೆ ನಡೆದುಕೊಂಡು ಹೊಣಕೆರೆಯವರೆಗೆ ಹೋಗಿಬಿಟ್ಟಿದ್ದೆಯಂತೆ. ಸಂಜೆ ಹುಡುಕಿ ಕರೆತಂದು, ಗಾಳಿ ಸೋಕಿದೆ ಎಂದು ಕಾಲಿಗೆ ದಾರ ಕಟ್ಟಿದರಂತೆ. ‘ಅವತ್ತಿಂದ ನಿಮ್ಮವ್ವ ನಡುದ್ರೆ ಸದ್ದೇ ಇಲ್ಲ ಕನವ್ವ. ಅದ್ಕೂ ಮುಂಚೆ ಬೀದೀಗೇ ಕೇಳ್ಸದು’ ಅಂದಳು.

ಸೋಮವಾರ ನಾನು ಬೀದಿಯ ತುದಿಯಲ್ಲಿ ನಿಂತಿರುತ್ತೇನೆ ಅವ್ವ. ನೀನು ಬಾಗಿಲಿಗೆ ಬರುವುದು ನನಗೆ ಕೇಳಿಸಬೇಕು.