ಅನ್ಸೆಲ್ಮಾಬಾಯಿಯ ಕೈದನಿ

ಕಾರವಾರ ಮೇಲೂರು, ಮಾರ್ಗಶಿರ 34, ಕ್ರಿ.ಶ. 2231

ಹಕ್ಕಿದಿಬ್ಬ ನಡುಗಡ್ಡೆಯಿಂದ ಇವತ್ತು ಸಂಜೆ ಮೂರನೆಯ ಸಲ ಮೋರ್ಸ್ ಸಂದೇಶ ಬಂದಿದೆ. ಇಲ್ಲಿ ಅದನ್ನು ಯಾರಿಗೂ ಓದಲಾಗಿಲ್ಲ. ಹೀಗೆಂದು ತಿಳಿಸಿದವಳು ಹವ್ಯಾಸಿ ರೇಡಿಯೊ ಕೋಣೆಯಲ್ಲಿ ಕೇಳುವ ಸರದಿಯಲ್ಲಿದ್ದ ಲವೀನಾ ಫರ್ನಾಂಡಿಸ್. ಕಳಿಸುತ್ತಿರುವವರು ಆಕೆಯ ತಾಯಿ ಅನ್ಸೆಲ್ಮಾಬಾಯಿ.

ಇನ್ನೂರು ವರ್ಷ ಹಿಂದಿರುವ ನಿಮಗೆ ಇದನ್ನು ಬರೆಯುತ್ತಿರುವ ನಾನು ಊರಿನ ದಿನವಾರ್ತೆ ಬರೆಯುವವನು. ನಮ್ಮ ತಿಂಗಳು ಉದ್ದವಾಗಿರುವುದಕ್ಕೂ ಕೆಲವು ಮಾತು ನಿಮಗೆ ವಿಚಿತ್ರವೆನಿಸುವುದಕ್ಕೂ ಕ್ಷಮೆಯಿರಲಿ. ಸೂರ್ಯನಿಂದ ಏಳುವ ಅಬ್ಬರಕ್ಕೆ ನಾವು ಸೂರ್ಯಬಿರುಸು ಎನ್ನುತ್ತೇವೆ. ಅದು ಎದ್ದ ವಾರಗಳಲ್ಲಿ ಉಪಗ್ರಹಗಳು ಸುಮ್ಮನಾಗುತ್ತವೆ, ರೇಡಿಯೊದ ಮಾತು ಗರಗರ ಸದ್ದಿನಲ್ಲಿ ಮುಳುಗುತ್ತದೆ, ಮೋರ್ಸ್‌ನ ಗಿಡ್ಡ ಉದ್ದ ಸದ್ದುಗಳು ಮಾತ್ರ ದಾಟಿ ಬರುತ್ತವೆ. ಅಕ್ಕಿ ಬಂತೇ, ಹೆರಿಗೆ ಆಯಿತೇ, ಯಾವ ದೋಣಿ ಎಲ್ಲಿದೆ ಎಂಬ ಸುದ್ದಿಯೆಲ್ಲ ಆಗ ಹವ್ಯಾಸಿಗಳ ಕೈಯಲ್ಲೇ ಓಡಾಡುತ್ತದೆ. ಇಲ್ಲಿನವರು ಮೋರ್ಸ್ ಕಲಿಯುವುದು ಪಾಠಯಂತ್ರದ ಮುಂದೆ. ಅದರ ಗಿಡ್ಡ ಸದ್ದೆಲ್ಲ ಒಂದೇ ಗಿಡ್ಡ, ಉದ್ದವೆಲ್ಲ ಒಂದೇ ಉದ್ದ. ಹಳಬರು ಕಲಿತದ್ದು ಮನುಷ್ಯರಿಂದ. ಒಬ್ಬೊಬ್ಬರು ಸದ್ದು ಕಳಿಸುವ ಕೀ ಒತ್ತುವ ರೀತಿ ಒಂದೊಂದು. ಅದಕ್ಕೆ ಕೈದನಿ ಎಂದು ಹೆಸರು. ಹಳಬರ ಕೈದನಿ ಹಳಬರಿಗೆ ತಿಳಿಯುತ್ತಿತ್ತು. ಅನ್ಸೆಲ್ಮಾಬಾಯಿಯೂ ಸೇರಿ ಉಳಿದಿದ್ದ ಐವರು ಹಳಬರೂ ಕಳೆದ ವಾರ ಒಂದೇ ದೋಣಿ ಹತ್ತಿ, ಆಂಟೆನಾ ಕಂಬದ ರಿಪೇರಿಗೆ ಹಕ್ಕಿದಿಬ್ಬಕ್ಕೆ ಹೋದರು.

ಅಲ್ಲಿ ಗುಡ್ಡ ಕುಸಿದು ದೋಣಿ ಒಡೆದಿರುವುದನ್ನು ಮೀನುಗಾರರು ದೂರದಿಂದ ಕಂಡು ಬಂದರು. ಕುಸಿದ ಬಂಡೆಗಳು ನೀರೊಳಗೆ ಎಲ್ಲೆಲ್ಲಿವೆಯೋ ತಿಳಿಯದೆ ಅವರು ಹತ್ತಿರ ಹೋಗಲಿಲ್ಲ. ನಾವು ಕಳಿಸಿದ್ದು ಅನ್ಸೆಲ್ಮಾಬಾಯಿಗೆ ಅರ್ಥವಾಗುತ್ತದೆ. ಪೂರ್ವದ ದಡಕ್ಕೆ ದೋಣಿ ತರಬಹುದಾದರೆ ಕೀಯನ್ನು ಒಮ್ಮೆ, ಪಶ್ಚಿಮಕ್ಕಾದರೆ ಎರಡು ಸಲ ಒತ್ತಿ ಎಂದು ಕೇಳಿದೆವು. ಅವರು ಎರಡನ್ನೂ ಮಾಡದೆ ಮತ್ತೆ ಉದ್ದದ ಸಂದೇಶವನ್ನೇ ಕಳಿಸಿದರು. ಬೇರೆ ಯಾವುದೋ ದಾರಿ ಹೇಳುತ್ತಿದ್ದಾರೆ. ನಿಧಾನ ಎಂದೆವು, ನಿಧಾನವಾಯಿತು, ಓದಲಂತೂ ಬರಲಿಲ್ಲ. ಪಾಠಯಂತ್ರಕ್ಕೆ ಕೇಳಿಸಿದರೆ ಅದು ಗದ್ದಲ ಎಂದು ಬರೆದುಕೊಂಡಿತು. ಮೂರನೆಯ ಸಂದೇಶದ ಸದ್ದು ಮೊದಲಿನದರ ಅರ್ಧದಷ್ಟೂ ಇರಲಿಲ್ಲ. ಅವರ ಬ್ಯಾಟರಿ ಇಳಿಯುತ್ತಿದೆ.

ಲವೀನಾ ಹೆಡ್‌ಫೋನ್ ತೆಗೆದಿಟ್ಟು, "ಅಮ್ಮ ಕೈ ಹಿಡ್ದು ಕಲಿಸ್ತೆ ಅಂದಿದ್ಳು. ಯಂತ್ರ ಇರೂವಾಗ ನಿನ್ನ ಕುಂಟು ಮೋರ್ಸ್ ಯಾಕೆ ಅಂತ ನಗಾಡಿದ್ದೆ," ಎಂದಳು. ಮತ್ತೆ ಹೆಡ್‌ಫೋನ್ ಕೈಗೆತ್ತಿಕೊಂಡು, "ನಮಾನ್ ಮರಿಯೆ ಕಳ್ಸು ಅಂತ ಅಮ್ಮಂಗೆ ಹೇಳುವಾ. ದಿನಾ ಸಂಜೆ ಮನೇಲಿ ಹೇಳೂ ಪ್ರಾರ್ಥನೆ, ಅಕ್ಷರ ಅಕ್ಷರ ನಂಗೆ ಗೊತ್ತು. ಯಾವ ಸದ್ದು ಯಾವ ಅಕ್ಷರ ಅಂತ ಹಿಡೀಬಹುದು," ಎಂದಳು.

ದೋಣಿ ಒಯ್ಯಬೇಕಾದ ದತ್ತಾರಾಮ ತಾಂಡೇಲರು ಒಪ್ಪಲಿಲ್ಲ. "ಬ್ಯಾಟರಿ ಎಲ್ಲ ಜಪಕ್ಕೇ ಮುಗ್ದ್ರೆ ದಾರಿ ಯಾರು ಹೇಳೂದು ಮಾರಾಯ್ತಿ, ಮರಿಯಮ್ಮನಾ?"

"ದಾರಿ ಅಮ್ಮ ಮೂರು ಸಲ ಹೇಳಿ ಆಯ್ತು ದತ್ತಣ್ಣ. ರೆಕಾರ್ಡ್ ಇಲ್ಲೇ ಇದೆ, ಅವಳ ಕೈದನಿ ತಿಳಿದ್ರೆ ಅದನ್ನೇ ಓದಬಹುದು. ಕೇಳೂಕೆ ಬಾರದ್ದು ನಮ್ಗೆ."

ಪ್ರಾರ್ಥನೆ ಮುಗಿಯುವವರೆಗೆ ಬ್ಯಾಟರಿ ಉಳಿಯುತ್ತದೆಯೇ ಎಂಬುದನ್ನು ಇಲ್ಲಿ ಯಾರೂ ಹೇಳಲಾರರು.

ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಮೋರ್ಸ್ ಬಿಡುವಿನ ಹವ್ಯಾಸವಂತೆ. ಕಲಿಯುವವರು ಆಗಾಗ ಇನ್ನೊಬ್ಬ ಮನುಷ್ಯನ ಕೈಯನ್ನೂ ಕೇಳಲಿ, ಎಷ್ಟು ಸೊಟ್ಟಗಿದ್ದರೂ ಕೇಳಲಿ. ಆ ಅಭ್ಯಾಸ ನಮ್ಮವರೆಗೆ ಬಂದು ತಲುಪಲಿಲ್ಲ.

ಬ್ಯಾಟರಿ ಉಳಿಸಲು ಹಕ್ಕಿದಿಬ್ಬದವರು ರೇಡಿಯೊ ಹಾಕುವುದು ದಿನಕ್ಕೊಮ್ಮೆ, ಸಂಜೆ ಐದೂಕಾಲಿಗೆ ಮಾತ್ರ. ನಾಳೆ ಆ ಹೊತ್ತಿಗೆ ಲವೀನಾ ತಾಯಿಯನ್ನು ಕರೆದು ಪ್ರಾರ್ಥನೆಯನ್ನು ಒಂದು ಸಲ ಕಳಿಸುವಂತೆ ಕೇಳುತ್ತಾಳೆ. ಸಂದೇಶ ಓದಲಾಗಲಿ, ಆಗದಿರಲಿ, ನಾಡಿದ್ದು ಬೆಳಗ್ಗೆ ಆರಕ್ಕೆ ದೋಣಿ ಹೊರಡುತ್ತದೆ.