ಕಪ್ಪು ಉಪ್ಪಿನ ವಾಸನೆ

ಬನವಾಸಿ
೧೨ ನವೆಂಬರ್ ೨೦೨೪

ಪ್ರೀತಿಯ ರೋಹಿಣಿ,

ನಿನ್ನ ಬೆನ್ನುನೋವು ಹೇಗಿದೆ? ನಿಮ್ಮ ಅವ್ವ ದುರ್ಗಮ್ಮನವರ ಮೊಣಕಾಲಿಗೆ ಸಿದ್ದಾಪುರದ ಡಾಕ್ಟರು ಕೊಟ್ಟ ಔಷಧಿ ಹಿಡಿಯಿತೆ? ನಾವಿಬ್ಬರೂ ಆರಾಮ. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ, ಆಗಲಿಲ್ಲ. ಅದಕ್ಕೇ ನಿನ್ನ ತವರು ಮನ್ಮನೆಗೆ ಈ ಪತ್ರ.

ಶನಿವಾರ ಶರಣನ ವರ್ಷದ ಪೂಜೆ ಆಯಿತು. ನೀನು ಬರಲಿಲ್ಲ; ನಾವು ಕರೆದ ರೀತಿಯೂ ಸರಿಯಿರಲಿಲ್ಲ. ಹೋದವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ಪದ್ಧತಿ. ನಿನ್ನ ಅತ್ತೆ ದಾಕ್ಷಾಯಿಣಿ ಹೋಳಿಗೆ, ಎಣ್ಣೆಗಾಯಿ ಎಲ್ಲ ಮಾಡಿ ಮುಗಿಸಿ ಒಲೆಯ ಮುಂದೆಯೇ ಕುಳಿತಳು. ಮಗನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಶಿರಸಿ ಬಸ್ ಸ್ಟ್ಯಾಂಡಿನ ಆಮ್ಲೆಟ್ ಎಂದು ಅವಳಿಗೂ ಗೊತ್ತು. ಮೊಟ್ಟೆಯದಾದ್ದರಿಂದ ಅದನ್ನು ಎಡೆಗೆ ಇಡುವಂತಿಲ್ಲ. ಆಗ ನಿನ್ನ ನಾದಿನಿ ಜ್ಯೋತಿ, "ಅವ್ವಾ, ತತ್ತಿ ಇಲ್ದನೂ ಆಗ್ತೈತಿ" ಎಂದು ಮೊಬೈಲ್ ನೋಡಿಕೊಂಡು ಕಡಲೆಹಿಟ್ಟು ಕಲಸಿದಳು. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ ಹುಯ್ದು, ಮೇಲೆ ಕಪ್ಪು ಉಪ್ಪು ಉದುರಿಸಿದಳು.

ಆ ಉಪ್ಪು ಬಿದ್ದದ್ದೇ ಕಾದ ಹಂಚಿನಿಂದ ಥೇಟ್ ಮೊಟ್ಟೆಯ ವಾಸನೆ ಎದ್ದಿತು. ದಾಕ್ಷಾಯಿಣಿ ನೆಲಕ್ಕೆ ಕೈಯೂರಿದಳು. "ಅವತ್ತಿನ ವಾಸನಿ ಇದ ಅಲ್ಲೇನ್ರಿ" ಎಂದಳು. ಹೌದೆಂದೆ.

ಪನೀರಿನಲ್ಲಿ ನೀನು ಬುರ್ಜಿ ಮಾಡಿದಾಗ "ಇದೇನ, ಉಪ್ಪಿಟ್ಟಿನ ತಂಗಿ?" ಎನ್ನುತ್ತ ಎರಡು ಸಲ ಬಡಿಸಿಕೊಂಡವಳು ಅವಳೇ. ಆದರೆ ಹೋದ ವರ್ಷ ಆ ದಿನ, ಕಾಯಿಲೆಯಲ್ಲಿ ಬಾಯಿರುಚಿ ಸತ್ತಿದ್ದ ಶರಣ ತಾನಾಗಿ ಕೇಳಿ, ನೀನು ಮಾಡಿಕೊಟ್ಟ ಆಮ್ಲೆಟ್ಟಿನಲ್ಲಿ ಒಂದು ತುತ್ತು ತಿಂದಿದ್ದನೋ ಇಲ್ಲವೋ, "ತತ್ತಿ ನಾತ ನನಗ ತಿಳಿಯಂಗಿಲ್ಲೇನು" ಎಂದು ತಟ್ಟೆ ಕಿತ್ತುಕೊಂಡು ತಿಪ್ಪೆಗೆ ಸುರಿದಳು. "ಮೊಟ್ಟೆ ಅಲ್ಲ ಅತ್ತೆ, ಕಡ್ಲೆ ಹಿಟ್ಟು" ಎಂದು ನೀನು ಅವಳ ಹಿಂದೆಯೇ ಹಿತ್ತಲವರೆಗೆ ಹೋದೆ. ಆಮೇಲೆ ಜೀವ ಹೋಗುವವರೆಗಿನ ಹದಿನೆಂಟು ದಿನ ಶರಣ ಇಂಥದ್ದು ಬೇಕೆಂದು ಏನನ್ನೂ ಕೇಳಲಿಲ್ಲ.

ಶನಿವಾರದಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ. "ಆ ಹುಡುಗಿ ಖರೇನ ಹೇಳಿದ್ಲು" ಎಂದು ಹೇಳುತ್ತಲೇ ಇರುತ್ತಾಳೆ. ಮನ್ಮನೆಗೆ ಬಂದು ನಿನ್ನ ಕೈ ಹಿಡಿದು ತಪ್ಪಾಯಿತೆನ್ನಬೇಕಂತೆ. ಬರಲು ಬಿಡುವೆಯಾ? ಬೇಡವೆಂದರೆ ಬೇಡವೆಂದೇ ಬರೆ, ಅದೂ ನ್ಯಾಯವೇ.

ನಿನಗೆ ಒಳ್ಳೆಯದಾಗಲಿ ಮಗಳೇ. ದುರ್ಗಮ್ಮನವರಿಗೆ ನನ್ನ ಶರಣು.

ನಿನ್ನ ಮಾವ,
ಶಿವಲಿಂಗಪ್ಪ

ತಾ.ಕ.: ಉತ್ತರ ಬರೆಯುವ ಮೊದಲು ಇದು ನಿನಗೆ ಗೊತ್ತಿರಬೇಕು. ಅವತ್ತು ನೀರಿಗೆಂದು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ. ನೀನು ಕಡಲೆಹಿಟ್ಟು ಕಲಸುತ್ತಿದ್ದುದನ್ನು ನೋಡಿ, ಮಾತಾಡಿಸದೆ ಹಿಂದಿರುಗಿದೆ. ಅವಳು ತಟ್ಟೆ ಎತ್ತಿಕೊಂಡು ನನ್ನನ್ನು ದಾಟಿಯೇ ಹಿತ್ತಲಿಗೆ ಹೋದಳು. ಮಗನ ಮುಂದೆ ಮಾತು ಬೆಳೆಯುವುದು ಬೇಡವೆಂದು ನಾನು ಬಾಯಿ ಬಿಡಲಿಲ್ಲ. ದಾಕ್ಷಾಯಿಣಿಗೆ ಇದನ್ನು ಇನ್ನೂ ಹೇಳಿಲ್ಲ.